ಫೋಟೋದ ಮೂಲೆಯಲ್ಲೊಂದು ಸಿಟ್ರೋಯೆನ್

(ಇದು ಒಂದು ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಪರದೆಯ ಮೇಲೆ ಚಿತ್ರಗಳಿದ್ದವು, ಇಲ್ಲಿಲ್ಲ. ಅಲ್ಲಿ ಬೆರಳು ತೋರಿಸಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದು ಸಣ್ಣ ಹುಚ್ಚಿನ ಬಗ್ಗೆ. ಹಳೆಯ ಬೀದಿ ಫೋಟೋಗಳನ್ನು ಮುಂದಿಟ್ಟುಕೊಂಡು ಅವುಗಳಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯ ಕಾರು ಹುಡುಕುವ ಹುಚ್ಚು. ಪ್ಯಾರಿಸ್‌ನ ಹಳೆಯ ಚಿತ್ರ ಸಿಕ್ಕರೆ ಬೇರೆಯವರ ಕಣ್ಣು ಐಫೆಲ್ ಗೋಪುರಕ್ಕೆ ಹೋಗುತ್ತದೆ. ನನ್ನ ಕಣ್ಣು ಕೆಳಗಿನ ಮೂಲೆಯಲ್ಲಿ ಅರ್ಧ ಕತ್ತರಿಸಿ ಹೋದ ಒಂದು ಮಡ್‌ಗಾರ್ಡ್ ಮೇಲೆ ನಿಲ್ಲುತ್ತದೆ.

ಆ ಫೋಟೋ ತೆಗೆದವರಿಗೆ ಕಾರು ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಚರ್ಚು, ಸೇತುವೆ, ಮೆರವಣಿಗೆ, ಮಳೆಯಲ್ಲಿ ಕೊಡೆ ಹಿಡಿದು ಹೋಗುವ ಹೆಂಗಸು. ಕಾರು ಸುಮ್ನೆ ಅಲ್ಲಿ ನಿಂತಿತ್ತು, ಅಷ್ಟೆ. ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಜಾಸ್ತಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದ ವರ್ಷವನ್ನು ಎಷ್ಟೋ ಸಲ ಯಾರೋ ಆಮೇಲೆ ನೆನಪಿನಿಂದ ಬರೆದಿರುತ್ತಾರೆ. ಕಾರಿಗೆ ಆ ಸಮಸ್ಯೆ ಇಲ್ಲ.

ಒಂದೇ ಕಂಪನಿ ಯಾಕೆ ಅಂತ ಕೇಳಬಹುದು. ಎಲ್ಲ ಕಾರುಗಳನ್ನೂ ಗುರುತಿಸಲು ಹೊರಟರೆ ಯಾವುದೂ ಸರಿಯಾಗಿ ತಲೆಗೆ ಹತ್ತುವುದಿಲ್ಲ. ಒಂದನ್ನೇ ಹಿಡಿದುಕೊಂಡರೆ ಅದರ ವೈಪರ್ ಯಾವ ವರ್ಷ ಮೇಲಿಂದ ಕೆಳಗೆ ಬಂತು, ಸ್ಟೆಪ್ನಿ ಯಾವ ವರ್ಷ ಡಿಕ್ಕಿಯೊಳಗೆ ಹೋಯಿತು ಅಂತೆಲ್ಲ ನಿಧಾನವಾಗಿ ಗೊತ್ತಾಗುತ್ತದೆ. ಆಮೇಲೆ ಆ ಕಾರು ಚಿತ್ರದೊಳಗಿನ ಕ್ಯಾಲೆಂಡರ್ ಇದ್ದ ಹಾಗೆ.

ಈ ಕೆಲಸಕ್ಕೆ ಸಿಟ್ರೋಯೆನ್ ಹೇಳಿ ಮಾಡಿಸಿದ ಕಂಪನಿ. ಅಮೆರಿಕದ ಕಂಪನಿಗಳು ವರ್ಷ ವರ್ಷವೂ ಕಾರಿನ ಮುಖ ಬದಲಾಯಿಸುತ್ತಿದ್ದವು. ಸಿಟ್ರೋಯೆನ್ ಒಂದೇ ಕಾರನ್ನು ದಶಕಗಟ್ಟಲೆ ಮಾಡುತ್ತಿತ್ತು. ಟ್ರಾಕ್ಷನ್ ಅವಾಂ ಎಂಬ ಮಾದರಿ ಬಂದದ್ದು 1934ರಲ್ಲಿ, ನಿಂತದ್ದು 1957ರಲ್ಲಿ. ಡಿಎಸ್ 1955ರಿಂದ 1975ರವರೆಗೆ. 2ಸಿವಿ ಅಂತೂ 1949ರಿಂದ 1990ರವರೆಗೆ. ದೂರದಿಂದ ನೋಡಿದರೆ ಆ ಕಾರು ಎಲ್ಲ ವರ್ಷವೂ ಒಂದೇ ಥರ. ಹತ್ತಿರ ಹೋದರೆ ಮಾತ್ರ ವರ್ಷ ಸಿಗುತ್ತದೆ. ಹುಡುಕಾಟದ ಮಜಾ ಇರುವುದು ಅಲ್ಲೇ.

ಮುಂದೆ ಹೋಗುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಇಡೀ ಮಾತಿನಲ್ಲಿ ಇದೊಂದನ್ನು ಹಿಡಿದುಕೊಂಡರೂ ಸಾಕು. ಕಾರು ಹೇಳುವುದು ತಾರೀಖಿನ ಒಂದು ತುದಿಯನ್ನು ಮಾತ್ರ. "ಈ ಫೋಟೋ ಇದಕ್ಕಿಂತ ಮುಂಚಿನದಲ್ಲ" ಅಂತ ಅದು ಖಚಿತವಾಗಿ ಹೇಳಬಲ್ಲದು. "ಇದಕ್ಕಿಂತ ಈಚಿನದಲ್ಲ" ಅಂತ ಹೇಳಲು ಅದಕ್ಕೆ ಬರುವುದಿಲ್ಲ. 1938ರ ಕಾರು 1961ರಲ್ಲೂ ಬೀದಿಯಲ್ಲಿ ಓಡಾಡುತ್ತಿರಬಹುದು ಅಲ್ವಾ? ಹಾಗಾಗಿ ಚಿತ್ರದಲ್ಲಿ ಹತ್ತು ಕಾರಿದ್ದರೆ ಒಂಬತ್ತನ್ನು ಬಿಡಿ. ಅವುಗಳಲ್ಲಿ ಅತಿ ಹೊಸದು ಯಾವುದೋ ಅದೇ ತೀರ್ಪು ಕೊಡುವುದು.

ಸಿಟ್ರೋಯೆನ್ ಕಾರು ಶುರುವಾದದ್ದು 1919ರಲ್ಲಿ, ಪ್ಯಾರಿಸ್‌ನ ಕೇ ದ ಜಾವೆಲ್ ಎಂಬ ನದಿ ದಂಡೆಯ ಕಾರ್ಖಾನೆಯಲ್ಲಿ. ಅದಕ್ಕೂ ಮೊದಲು ಆಂಡ್ರೆ ಸಿಟ್ರೋಯೆನ್ ಗೇರ್ ಚಕ್ರ ಮಾಡುತ್ತಿದ್ದರು. ಅವರ ಗೇರಿನ ಹಲ್ಲುಗಳು ಮಧ್ಯದಲ್ಲಿ ಮಡಿಸಿದ ಹಾಗೆ ಇರುತ್ತಿದ್ದವು. ಆ ಹಲ್ಲಿನ ಆಕಾರವೇ ಕಂಪನಿಯ ಗುರುತಾಯಿತು. ಒಂದರ ಮೇಲೊಂದು ಕೂತ ಎರಡು ತಲೆಕೆಳಗಾದ ವಿ ಅಕ್ಷರ. ನಮ್ಮ ಬೇಟೆಯಲ್ಲಿ ಮೊದಲು ಹುಡುಕುವುದು ಇದನ್ನೇ.

ಆದರೆ 1920ರ ದಶಕದಲ್ಲಿ ಆ ಗುರುತು ರೇಡಿಯೇಟರ್ ಮೇಲೆ ಸಣ್ಣ ಬಿಲ್ಲೆಯಾಗಿತ್ತು. ಬೀದಿ ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಆ ಕಾಲದ ಕಾರುಗಳೆಲ್ಲ ಒಂದೇ ಅಚ್ಚು. ನೆಟ್ಟಗಿನ ಪೆಟ್ಟಿಗೆ, ಮುಂದೆ ಚೌಕದ ರೇಡಿಯೇಟರ್, ಪಕ್ಕದಲ್ಲಿ ಫುಟ್‌ಬೋರ್ಡ್. ಬಿ14 ಕಾರನ್ನು ದೂರದಿಂದ ನೋಡಿ ಇದು ಸಿಟ್ರೋಯೆನ್ನೇ ಅಂತ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಸುಲಭವಾಗಿ ಸಿಗುವುದು ಪುಟ್ಟ 5ಎಚ್‌ಪಿ ಒಂದೇ. 1922ರಿಂದ 1926ರವರೆಗೆ ಬಂದ ಕಾರು, ಹಿಂಭಾಗ ದೋಣಿಯ ಹಾಗೆ ಚೂಪು. ಮೊದಲು ಬಂದವೆಲ್ಲ ನಿಂಬೆ ಹಳದಿ ಬಣ್ಣದವು. ಆದರೆ ಆ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದ ಗಾಜಿನ ಪ್ಲೇಟುಗಳು ಬಣ್ಣಗಳನ್ನು ನಮ್ಮ ಕಣ್ಣಿನ ಹಾಗೆ ನೋಡುತ್ತಿರಲಿಲ್ಲ. ನೀಲಿ ಬೆಳ್ಳಗೆ, ಕೆಂಪು ಕಪ್ಪಗೆ ಬೀಳುತ್ತಿತ್ತು. ಹಳದಿ ಕೂಡ ಎಷ್ಟೋ ಸಲ ಮಂಕಾಗಿ ಕಾಣುತ್ತದೆ. ಕಪ್ಪು ಬಿಳುಪು ಚಿತ್ರ ನೋಡಿ ಬಣ್ಣ ಹೇಳಲು ಹೋಗಬೇಡಿ.

1932ರಲ್ಲಿ ಒಂದು ಚಂದದ ಸುಳಿವು ಸಿಗುತ್ತದೆ. ಎಂಜಿನ್ ನಡುಕ ಒಳಗಿನವರಿಗೆ ಗೊತ್ತಾಗದಂತೆ ರಬ್ಬರ್ ಮೇಲೆ ಕೂರಿಸುವ ವಿಧಾನವನ್ನು ಸಿಟ್ರೋಯೆನ್ ಅಮೆರಿಕದ ಕ್ರೈಸ್ಲರ್‌ನಿಂದ ತಂದಿತು. ಅದನ್ನು ಸಾರಲು ಕಾರಿನ ಮುಂದೆ ಈಜುವ ಹಂಸದ ಗುರುತು ಹಾಕಿತು. ಮುಂಭಾಗದಲ್ಲಿ ಬಿಳಿ ಹಂಸ ಕಂಡರೆ ಆ ಕಾರು 1932ರದ್ದು ಅಥವಾ ಅದರ ಮುಂದಿನ ಕೆಲವೇ ವರ್ಷಗಳದ್ದು.

ಅದೇ ಕಾಲದ್ದು ಇನ್ನೊಂದಿದೆ, ಕಾರಿನ ಮೇಲಲ್ಲ. 1925ರಿಂದ 1934ರವರೆಗೆ ಐಫೆಲ್ ಗೋಪುರದ ಮೇಲೆ ರಾತ್ರಿ ಸಿಟ್ರೋಯೆನ್ ಎಂಬ ಹೆಸರು ದೀಪಗಳಲ್ಲಿ ಉರಿಯುತ್ತಿತ್ತು. ಎರಡೂವರೆ ಲಕ್ಷ ಬಲ್ಬು ಅನ್ನುತ್ತಾರೆ. ರಾತ್ರಿಯ ಚಿತ್ರದಲ್ಲಿ ಆ ಅಕ್ಷರಗಳು ಕಂಡರೆ ಎರಡೂ ತುದಿ ಒಟ್ಟಿಗೆ ಸಿಕ್ಕಿದ ಹಾಗೆ. ಇಂಥ ಭಾಗ್ಯ ದಿನಾ ಬರುವುದಿಲ್ಲ.

ಈಗ ಟ್ರಾಕ್ಷನ್‌ಗೆ ಬರೋಣ. ಇಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

1934ರ ಏಪ್ರಿಲ್‌ನಲ್ಲಿ ಇದು ಹೊರಬಂತು. ಆಂಡ್ರೆ ಲೆಫೆಬ್ವ್ರ್ ಎಂಜಿನಿಯರ್, ಆಕಾರ ಕೊಟ್ಟವರು ಫ್ಲಾಮಿನಿಯೊ ಬರ್ತೋನಿ. ಬರ್ತೋನಿ ಶಿಲ್ಪಿ ಕೂಡ. ಎಂಜಿನ್ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಸರಳು ಇಲ್ಲ. ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು ಕೂಡ ಇಲ್ಲ, ದೇಹವೇ ಚಾಸಿ. ಹಾಗಾಗಿ ನೆಲ ಕೆಳಗಿಳಿಯಿತು, ಕಾರು ಗಿಡ್ಡವಾಯಿತು, ಹತ್ತಲು ಫುಟ್‌ಬೋರ್ಡೇ ಬೇಡವಾಯಿತು. 1930ರ ದಶಕದ ಪ್ಯಾರಿಸ್ ಬೀದಿಯಲ್ಲಿ ಸಾಲಾಗಿ ನಿಂತ ಕಾರುಗಳ ಮಧ್ಯೆ ಒಂದು ಮಾತ್ರ ನೆಲಕ್ಕೆ ಅಂಟಿಕೊಂಡ ಹಾಗೆ, ಫುಟ್‌ಬೋರ್ಡ್ ಇಲ್ಲದೆ ನಿಂತಿದ್ದರೆ ಅದು ಬಹುಮಟ್ಟಿಗೆ ಟ್ರಾಕ್ಷನ್ನೇ. ಗ್ರಿಲ್ ತುಂಬ ದೊಡ್ಡದಾಗಿ ಎರಡು ವಿ. ಹೆಡ್‌ಲೈಟ್‌ಗಳು ಮಡ್‌ಗಾರ್ಡ್ ಮತ್ತು ಗ್ರಿಲ್ ನಡುವೆ ಬೇರೆಯಾಗಿ ನಿಂತಿರುತ್ತವೆ. ಚಿತ್ರ ಎಷ್ಟೇ ಮಸುಕಾಗಿದ್ದರೂ ಈ ಮುಖ ಮರೆಯಾಗುವುದಿಲ್ಲ.

ಈ ಕಾರು ಕಂಪನಿಯ ಜೀವವನ್ನೇ ತೆಗೆಯಿತು ಅನ್ನಬೇಕು. ಅದರ ಖರ್ಚು ತಾಳಲಾರದೆ 1934ರ ಕೊನೆಗೆ ಸಿಟ್ರೋಯೆನ್ ದಿವಾಳಿಯಾಯಿತು. ಟೈರ್ ಮಾಡುವ ಮಿಶೆಲಿನ್ ಅದನ್ನು ವಹಿಸಿಕೊಂಡಿತು. 1935ರ ಜುಲೈನಲ್ಲಿ ಆಂಡ್ರೆ ಸಿಟ್ರೋಯೆನ್ ತೀರಿಕೊಂಡರು. ಆಮೇಲೆ ಅದೇ ಕಾರು ಏಳೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ವರ್ಷ ಹಿಡಿಯುವುದು ಹೇಗೆ? ಮಹಡಿ ಮೇಲಿಂದ ತೆಗೆದ ಚಿತ್ರವಾದರೆ ಮೊದಲು ಛಾವಣಿ ನೋಡಿ. ಶುರುವಿನ ಕೆಲವು ತಿಂಗಳ ಕಾರುಗಳಿಗೆ ಛಾವಣಿಯ ನಡುವೆ ತಗಡಿಲ್ಲ, ಬಟ್ಟೆಯಂಥ ಹೊದಿಕೆ ಇತ್ತು. ಅಷ್ಟಗಲದ ತಗಡನ್ನು ಒಂದೇ ಏಟಿಗೆ ಒತ್ತುವುದು ಕಷ್ಟವಾಗಿತ್ತು. ಮೇಲಿನಿಂದ ನೋಡಿದರೆ ಅದು ಬೇರೆ ಬಣ್ಣದ ತೇಪೆಯ ಹಾಗೆ ಕಾಣುತ್ತದೆ. ಪಕ್ಕದಿಂದ ತೆಗೆದ ಚಿತ್ರವಾದರೆ ಬಾನೆಟ್ ಬದಿ ನೋಡಿ. ಎರಡನೇ ಮಹಾಯುದ್ಧಕ್ಕೆ ಮುಂಚಿನವಕ್ಕೆ ಗಾಳಿ ಹೋಗಲು ಸಣ್ಣ ಸಣ್ಣ ಬಾಗಿಲುಗಳು, ಯುದ್ಧದ ನಂತರದವಕ್ಕೆ ಸಾಲು ಸೀಳುಗಳು. ಚಕ್ರವೂ ಮಾತಾಡುತ್ತದೆ. ಯುದ್ಧಕ್ಕೆ ಸ್ವಲ್ಪ ಮುಂಚೆ ಮಿಶೆಲಿನ್‌ನ ಪೈಲಟ್ ಚಕ್ರಗಳು ಬಂದವು, ನಕ್ಷತ್ರದ ಕಾಲುಗಳ ಹಾಗೆ ಕಡ್ಡಿ ಚಾಚಿದವು. ಯುದ್ಧ ಮುಗಿದ ಮೇಲೆ ಸಾದಾ ತಟ್ಟೆ ಚಕ್ರಗಳು.

ಎಲ್ಲಕ್ಕಿಂತ ದೊಡ್ಡ ಗಡಿ 1952. ಆ ವರ್ಷದವರೆಗೆ ಕಾರಿನ ಹಿಂಭಾಗ ಚಪ್ಪಟೆ. ಅದರ ಮೇಲೆ ದುಂಡಗೆ ಸ್ಟೆಪ್ನಿಯ ಮುಚ್ಚಳ ಎದ್ದು ಕಾಣುತ್ತದೆ. 1952ರ ಬೇಸಿಗೆಯಿಂದ ಹಿಂಭಾಗ ಉಬ್ಬಿತು, ಸ್ಟೆಪ್ನಿ ಡಿಕ್ಕಿಯೊಳಗೆ ಸೇರಿತು. ಅದೇ ಹೊತ್ತಿಗೆ ಗಾಜಿನ ಮೇಲ್ಗಡೆಯಿಂದ ಜೋತು ಬೀಳುತ್ತಿದ್ದ ವೈಪರ್‌ಗಳು ಕೆಳಗೆ ಬಂದವು. ಅಂದರೆ ಮುಂದಿನಿಂದ ಬರಲಿ, ಹಿಂದಿನಿಂದ ಬರಲಿ, 1952 ದಾಟಿದೆಯೋ ಇಲ್ಲವೋ ಹೇಳಬಹುದು. ಎರಡೂ ಕಡೆ ಒಟ್ಟಿಗೆ ಬದಲಾಯಿಸಿದ್ದು ನಮ್ಮಂಥವರ ಪುಣ್ಯ. ಒಂದು ಎಚ್ಚರಿಕೆ ಮಾತ್ರ ಇರಲಿ. ಹೊರಗಿನವರು ಮಾಡಿದ ಬಿಡಿಭಾಗಗಳನ್ನು ಹಾಕಿಸಿಕೊಂಡು ಹಳೆಯ ಕಾರನ್ನು ಸಿಂಗರಿಸುವವರು ಆಗಲೂ ಇದ್ದರು. ಅದಕ್ಕೇ ಒಂದು ಗುರುತು ಸಾಲದು, ಎರಡಾದರೂ ಬೇಕು.

ಯುದ್ಧದ ವರ್ಷಗಳ ಪ್ಯಾರಿಸ್ ಚಿತ್ರಗಳು ಬೇರೆಯೇ ಲೋಕ. 1940ರಿಂದ 1944ರವರೆಗೆ ಜರ್ಮನ್ ಸೇನೆ ನಗರದಲ್ಲಿತ್ತು. ಪೆಟ್ರೋಲ್ ಇಲ್ಲ, ಜನಸಾಮಾನ್ಯರಿಗೆ ಕಾರು ಓಡಿಸಲು ಪರವಾನಗಿ ಸಿಗುವುದು ಅಪರೂಪ. ಬೀದಿ ತುಂಬ ಸೈಕಲ್ಲು, ಸೈಕಲ್ ಹಿಂದೆ ಕಟ್ಟಿದ ಗಾಡಿಗಳು. ಓಡುವ ಕೆಲವು ಕಾರುಗಳ ಮೇಲೆ ಕಟ್ಟಿಗೆ, ಇದ್ದಿಲಿನಿಂದ ಗ್ಯಾಸ್ ಮಾಡುವ ದೊಡ್ಡ ಡಬ್ಬ. ಹಾಗಾಗಿ 1942ರದ್ದು ಅನ್ನುವ ಚಿತ್ರದಲ್ಲಿ ಟ್ರಾಕ್ಷನ್‌ಗಳು ಸಾಲುಗಟ್ಟಿ ನಿಂತಿದ್ದರೆ ಸ್ವಲ್ಪ ನಿಂತು ಯೋಚಿಸಿ. ಒಂದೆರಡು ಇದ್ದರೆ ನಂಬರ್ ಪ್ಲೇಟ್ ನೋಡಿ. ಡಬ್ಲ್ಯು ಎಚ್ ಎಂದು ಶುರುವಾದರೆ ಅದು ಜರ್ಮನ್ ಭೂಸೇನೆ ಎತ್ತಿಕೊಂಡ ಕಾರು. ಹೆಡ್‌ಲೈಟ್ ಮೇಲೆ ಮುಸುಕು ಹಾಕಿ ಸಣ್ಣ ಸೀಳು ಬಿಟ್ಟಿದ್ದರೆ ಬೆಳಕು ಮುಚ್ಚುವ ಆಜ್ಞೆ ಇದ್ದ ಕಾಲದ್ದು.

ಆಮೇಲೆ 1944ರ ಆಗಸ್ಟ್. ಪ್ಯಾರಿಸ್ ಬಿಡುಗಡೆಯ ವಾರ. ಬಚ್ಚಿಟ್ಟಿದ್ದ, ಕಿತ್ತುಕೊಂಡಿದ್ದ ಕಪ್ಪು ಟ್ರಾಕ್ಷನ್‌ಗಳ ಮೇಲೆ ಬಿಳಿ ಬಣ್ಣದಲ್ಲಿ, ಕೈಯಲ್ಲೇ ಗೀಚಿದ ಎಫ್ ಎಫ್ ಐ ಎಂಬ ಮೂರಕ್ಷರ. ಇದು ಪ್ರತಿರೋಧ ಪಡೆಯ ಹೆಸರು. ಪಕ್ಕದಲ್ಲಿ ಎರಡು ಅಡ್ಡಗೆರೆಯ ಲೊರೇನ್ ಶಿಲುಬೆ, ಅದೂ ಪ್ರತಿರೋಧದ ಗುರುತೇ. ಕಿಟಕಿಯಿಂದ, ಮಡ್‌ಗಾರ್ಡ್ ಮೇಲಿಂದ ಬಂದೂಕು ಹಿಡಿದ ಹುಡುಗರು. ಬೀದಿ ಫೋಟೋದಲ್ಲಿ ಸಿಟ್ರೋಯೆನ್ ಮಧ್ಯಕ್ಕೆ ಬಂದು ನಿಂತ ಕೆಲವೇ ಗಳಿಗೆಗಳಲ್ಲಿ ಇದೊಂದು. ಎರಡು ವರ್ಷದ ಮೇಲೆ, 1946ರಲ್ಲಿ, ಅದೇ ಕಾರು ಪತ್ರಿಕೆಗಳಲ್ಲಿ ಬೇರೆ ಕಾರಣಕ್ಕೆ ಬಂತು. ಪಿಯೆರ್ ಲೂಟ್ರೆಲ್ ಎಂಬಾತನ ದರೋಡೆ ಗುಂಪಿಗೆ ಟ್ರಾಕ್ಷನ್ ಗ್ಯಾಂಗ್ ಎಂದೇ ಹೆಸರಾಗಿತ್ತು. ಕಾರು ರಸ್ತೆಗೆ ಅಂಟಿಕೊಂಡು ತಿರುಗುತ್ತಿತ್ತು, ತಪ್ಪಿಸಿಕೊಳ್ಳಲು ಅನುಕೂಲ. ಪೊಲೀಸರ ಹತ್ತಿರವೂ ಅದೇ ಕಾರು ಇತ್ತು ಅನ್ನುವುದು ತಮಾಷೆ.

ನಂಬರ್ ಪ್ಲೇಟ್ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಕಾರನ್ನು ಬಿಟ್ಟರೆ ನನಗೆ ಅತಿ ಹೆಚ್ಚು ಸಹಾಯ ಮಾಡಿರುವುದು ಇದೇ. ಫ್ರಾನ್ಸಿನಲ್ಲಿ 1928ರಿಂದ 1950ರವರೆಗೆ ಅಂಕಿಗಳ ನಡುವೆ ಜಿಲ್ಲೆಯ ಗುರುತಿನ ಎರಡು ಅಕ್ಷರ ಇರುತ್ತಿದ್ದವು. ಪ್ಯಾರಿಸ್ ಇರುವ ಸೇನ್ ಜಿಲ್ಲೆಯದ್ದು ಆರ್ ಅಕ್ಷರದಿಂದ ಶುರುವಾಗುವ ಜೋಡಿ. 1950ರಲ್ಲಿ ಪದ್ಧತಿ ಬದಲಾಯಿತು. ಮೊದಲು ಅಂಕಿ, ಆಮೇಲೆ ಅಕ್ಷರ, ಕೊನೆಗೆ ಜಿಲ್ಲೆಯ ಎರಡಂಕಿ. 75 ಅಂದರೆ ಸೇನ್, 13 ಅಂದರೆ ಮಾರ್ಸೇಯ್ ಕಡೆಯದು, 69 ಅಂದರೆ ಲಿಯಾನ್ ಕಡೆಯದು. ಪ್ಯಾರಿಸ್ ಸುತ್ತಲಿನ ಜಿಲ್ಲೆಗಳನ್ನು ಒಡೆದು ಹೊಸದು ಮಾಡಿದ್ದು 1968ರಲ್ಲಿ ಜಾರಿಗೆ ಬಂತು. ಹಾಗಾಗಿ 92, 93 ಅಥವಾ 94ರಲ್ಲಿ ಮುಗಿಯುವ ಪ್ಲೇಟು ಕಂಡರೆ ಚಿತ್ರ 1968ಕ್ಕಿಂತ ಮುಂಚಿನದಲ್ಲ. ಕಾರು ಎಷ್ಟು ಹಳೆಯದಾದರೂ ಸರಿ. ಮಾರಾಟವಾದಾಗ ಹಳೆಯ ಕಾರಿಗೂ ಹೊಸ ನಂಬರ್ ಬರುತ್ತಿತ್ತು. 1937ರ ಟ್ರಾಕ್ಷನ್‌ಗೆ 75ರ ಪ್ಲೇಟು ಇರುವುದು ವಿಚಿತ್ರವೇನಲ್ಲ. ಅಲ್ಲಿ ತಾರೀಖು ಹೇಳುವುದು ಪ್ಲೇಟು, ಕಾರಲ್ಲ.

2ಸಿವಿ ಕಡೆ ಹೋಗೋಣ. 1948ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಕಾರು ಪ್ರದರ್ಶನದಲ್ಲಿ ತೋರಿಸಿದರು, ನೋಡಿದವರು ನಕ್ಕರು. ಆದರೆ ಕೊಳ್ಳಲು ಸಾಲು ನಿಂತಿತು. 1949ರಲ್ಲಿ ತಯಾರಾದದ್ದು ಒಂಬೈನೂರಕ್ಕೂ ಕಡಿಮೆ. ಕಾಯುವ ಪಟ್ಟಿ ವರ್ಷಗಟ್ಟಲೆ ಉದ್ದವಾಯಿತು. ಇದು ನಮಗೆ ಬೇಕಾದ ಮಾಹಿತಿ. "1950" ಎಂದು ಬರೆದ ಚಿತ್ರದಲ್ಲಿ ನಾಲ್ಕಾರು 2ಸಿವಿ ಆರಾಮಾಗಿ ನಿಂತಿದ್ದರೆ ಬರೆದವರು ಅಂದಾಜಿನಲ್ಲಿ ಬರೆದಿದ್ದಾರೆ ಅಂತಲೇ ನನ್ನ ಲೆಕ್ಕ.

ಅದರ ಗುರುತುಗಳು ಚುರುಕಾಗಿ ಹೇಳುತ್ತೇನೆ. ಗ್ರಿಲ್ ಮೇಲಿನ ಎರಡು ವಿ ಸುತ್ತ ಮೊಟ್ಟೆಯಾಕಾರದ ಬಳೆ ಇದ್ದರೆ ಅದು 1953ರ ಸುಮಾರಿನವರೆಗಿನ ಕಾರು. ಬಾನೆಟ್ ತುಂಬ ಸಣ್ಣ ಸಣ್ಣ ಏಣುಗಳಿದ್ದರೆ 1960ರ ಕೊನೆಯವರೆಗಿನದು. ಆಮೇಲಿನ ಬಾನೆಟ್ ನುಣುಪು, ಅದರ ಮೇಲೆ ಕೆಲವೇ ಏಣು. ಮುಂದಿನ ಬಾಗಿಲಿನ ಕೀಲು ಅದರ ಹಿಂದಿನ ಅಂಚಿನಲ್ಲಿದ್ದರೆ 1964 ಮುಗಿಯುವ ಮುಂಚಿನದು. ಬಾಗಿಲು ಮುಚ್ಚಿದ್ದರೂ ಇದು ಗೊತ್ತಾಗುತ್ತದೆ, ಹಿಡಿ ಯಾವ ತುದಿಯಲ್ಲಿದೆ ನೋಡಿದರೆ ಸಾಕು. ಹಿಂದಿನ ಬಾಗಿಲಿನ ಆಚೆ ಮೂರನೇ ಕಿಟಕಿ ಇದ್ದರೆ 1965ರ ಕೊನೆಯಿಂದ ಈಚೆಗಿನದು. 1959ರವರೆಗೆ ಬಣ್ಣ ಬೂದಿ ಮಾತ್ರ.

ಡಿಎಸ್ ಗುರುತಿಸಲು ಯಾರೂ ಹೇಳಿಕೊಡಬೇಕಿಲ್ಲ. 1955ರ ಅಕ್ಟೋಬರ್ 5ರಂದು ಪ್ಯಾರಿಸ್ ಪ್ರದರ್ಶನದಲ್ಲಿ ಬಟ್ಟೆ ಸರಿಸಿದಾಗ ಜನ ಮುಗಿಬಿದ್ದರು. ಆ ಒಂದೇ ದಿನ ಹನ್ನೆರಡು ಸಾವಿರದಷ್ಟು ಆರ್ಡರ್ ಬಂತು ಅನ್ನುತ್ತಾರೆ. ಇದಕ್ಕೂ ಆಕಾರ ಕೊಟ್ಟವರು ಬರ್ತೋನಿ. ಗ್ರಿಲ್ ಇಲ್ಲದ ಮೂತಿ, ಅರ್ಧ ಮುಚ್ಚಿದ ಹಿಂದಿನ ಚಕ್ರ, ಛಾವಣಿಯ ತುದಿಯಲ್ಲಿ ತುತ್ತೂರಿಯಂಥ ಇಂಡಿಕೇಟರ್. ಛಾವಣಿ ಫೈಬರಿನದು. ಎಷ್ಟೋ ಕಾರಲ್ಲಿ ಅದರ ಬಣ್ಣವೂ ಬೇರೆ. ಮೇಲಿಂದ ತೆಗೆದ ಚಿತ್ರದಲ್ಲಿ ಅದೊಂದೇ ಸಾಕು.

ವರ್ಷಕ್ಕೆ ಮೂತಿ ನೋಡಬೇಕು. 1962ರ ಸೆಪ್ಟೆಂಬರ್‌ವರೆಗೆ ಮೊದಲ ಮೂತಿ. 1967ರ ಸೆಪ್ಟೆಂಬರ್‌ವರೆಗೆ ಎರಡನೆಯದು, ಬಂಪರ್ ಸುತ್ತ ತಿದ್ದಿದ್ದು. ಆಮೇಲೆ ಗಾಜಿನ ಹಿಂದೆ ಜೋಡಿ ಹೆಡ್‌ಲೈಟ್. ಒಳಗಿನ ಜೋಡಿ ದೀಪಗಳು ಸ್ಟೇರಿಂಗ್ ತಿರುಗಿಸಿದ ಕಡೆ ತಿರುಗುತ್ತಿದ್ದವು. 1968ರ ಮೇ ತಿಂಗಳ ಪ್ಯಾರಿಸ್ ಗಲಭೆಯ ಚಿತ್ರಗಳಲ್ಲಿ ಮೂರೂ ಮೂತಿ ಇರಲು ಸಾಧ್ಯ. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆಟಿ ಕ್ಲಾಮಾರ್‌ನಲ್ಲಿ ಅಧ್ಯಕ್ಷ ಡಿ ಗಾಲ್ ಮೇಲೆ ಗುಂಡು ಹಾರಿಸಿದರಲ್ಲ, ಅವರ ಡಿಎಸ್‌ಗೆ ಮೊದಲ ಮೂತಿಯೇ ಇರಬೇಕು. ಟೈರ್ ಹೋದರೂ ಆ ಕಾರು ನಿಲ್ಲದೆ ಓಡಿ ಅವರನ್ನು ಉಳಿಸಿತು.

ಡಿಎಸ್‌ನಲ್ಲಿ ನನಗೆ ಅತಿ ಇಷ್ಟವಾದ ಸುಳಿವು ವರ್ಷದ್ದಲ್ಲ, ಗಂಟೆಯದ್ದು. ಆ ಕಾರಿಗೆ ಸ್ಪ್ರಿಂಗ್ ಇಲ್ಲ. ಎಣ್ಣೆ ಮತ್ತು ಗ್ಯಾಸಿನ ಒತ್ತಡದ ಮೇಲೆ ಅದು ನಿಲ್ಲುತ್ತದೆ. ಎಂಜಿನ್ ನಿಲ್ಲಿಸಿ ಬಿಟ್ಟರೆ ಒತ್ತಡ ನಿಧಾನವಾಗಿ ಇಳಿದು ಕಾರು ನೆಲಕ್ಕೆ ಕೂರುತ್ತದೆ. ಶುರು ಮಾಡಿದರೆ ಎದ್ದು ನಿಲ್ಲುತ್ತದೆ. ಬೀದಿ ಚಿತ್ರದಲ್ಲಿ ಡಿಎಸ್ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಕೂತಿದ್ದರೆ ಅದು ಅಲ್ಲಿ ತುಂಬ ಹೊತ್ತಿನಿಂದ ನಿಂತಿದೆ. ಎತ್ತರವಾಗಿ ನಿಂತಿದ್ದರೆ ಈಗಷ್ಟೇ ಬಂದದ್ದು ಅಥವಾ ಎಂಜಿನ್ ಓಡುತ್ತಿದೆ. ಒಳಗೆ ಯಾರೂ ಕಾಣದಿದ್ದರೂ ಚಾಲಕ ಹತ್ತಿರದಲ್ಲೇ ಇದ್ದಾನೆ. ಬೇರೆ ಯಾವ ಹಳೆಯ ಕಾರಿನ ಚಿತ್ರದಲ್ಲಿ ಇಷ್ಟು ಸಿಗುತ್ತದೆ ಹೇಳಿ?

ಮರೆಯಬಾರದ ಇನ್ನೊಂದು, ಎಚ್ ವ್ಯಾನ್. 1947ರಿಂದ 1981ರವರೆಗೆ ಬಂತು. ಮೈಯೆಲ್ಲ ಏಣೇಣಾದ ತಗಡು, ಹಂದಿಯಂಥ ಮೂತಿ. ಮುಂದಿನ ಗಾಜು ಎರಡು ತುಂಡಾಗಿದ್ದರೆ 1964ರ ಮುಂಚಿನದು. ಇದು ಹೆಚ್ಚು ಸಿಗುವುದು ಮಾರುಕಟ್ಟೆ ಚಿತ್ರಗಳಲ್ಲಿ. ಪ್ಯಾರಿಸ್ ನಡುವಿನ ಲೇ ಆಲ್ ಸಗಟು ಮಾರುಕಟ್ಟೆ 1969ರಲ್ಲಿ ಊರಾಚೆಯ ರುಂಜಿಸ್‌ಗೆ ಹೋಯಿತು. ಹಾಗಾಗಿ ಲೇ ಆಲ್‌ನಲ್ಲಿ ಸರಕು ಇಳಿಸುತ್ತಿರುವ ಎಚ್ ವ್ಯಾನ್ ಅಂದರೆ ಬಹುಮಟ್ಟಿಗೆ 1947 ಮತ್ತು 1969ರ ನಡುವೆ ಸಿಕ್ಕಿಬಿತ್ತು. ಗಾಜು ಒಂದೇ ತುಂಡಾಗಿದ್ದರೆ ಇನ್ನೂ ಹತ್ತಿರ, 1964ರಿಂದ 1969. ನೋಡಿ, ಕಾರು ಒಂದು ತುದಿ ಕೊಟ್ಟಿತು, ಬೀದಿ ಇನ್ನೊಂದು ತುದಿ ಕೊಟ್ಟಿತು. ಈ ಜೋಡಿ ಸಿಕ್ಕಾಗಲೇ ಕೆಲಸ ಮುಗಿಯುವುದು.

ಬೀದಿ ಕೊಡುವ ತುದಿಗಳು ಇನ್ನೂ ಇವೆ. ಪ್ಯಾರಿಸ್‌ನ ದೊಡ್ಡ ಕಟ್ಟಡಗಳು 1950ರ ದಶಕದ ಕೊನೆಯವರೆಗೆ ಮಸಿಯಿಂದ ಕಪ್ಪಾಗಿದ್ದವು. ಆಮೇಲೆ ಒಂದೊಂದಾಗಿ ತೊಳೆದರು. ಗೋಡೆ ಬೆಳ್ಳಗಿದ್ದು ಟ್ರಾಕ್ಷನ್ ನಿಂತಿದ್ದರೆ ಅದು ಮುದಿ ಟ್ರಾಕ್ಷನ್.

ಈಗ ಇದನ್ನೆಲ್ಲ ಒಂದೇ ಚಿತ್ರದ ಮೇಲೆ ಹಾಕಿ ನೋಡೋಣ. ಕೆಳಗೆ "ಪ್ಯಾರಿಸ್, 1950ರ ಸುಮಾರು" ಅಂತ ಬರೆದ ಒಂದು ಚಿತ್ರ ಅಂದುಕೊಳ್ಳಿ. ಮುಂದೆ ಚಪ್ಪಟೆ ಬೆನ್ನಿನ ಟ್ರಾಕ್ಷನ್, ಬೆನ್ನ ಮೇಲೆ ಸ್ಟೆಪ್ನಿ. ಎಲ್ಲರೂ ಇದನ್ನೇ ನೋಡಿ ವರ್ಷ ಸರಿ ಇದೆ ಅನ್ನುತ್ತಾರೆ. ಹಿಂದೆ, ಸ್ವಲ್ಪ ಮಸುಕಾಗಿ, ಒಂದು 2ಸಿವಿ. ಗ್ರಿಲ್ ಮೇಲೆ ಎರಡು ವಿ ಇವೆ, ಸುತ್ತ ಬಳೆ ಇಲ್ಲ. ಬಾನೆಟ್ ತುಂಬ ಏಣು. ದೂರದ ಗೋಡೆ ಕಪ್ಪಗಿದೆ. ಮುಂದಿನ ಕಾರು ಎಷ್ಟೇ ಚೆನ್ನಾಗಿ ಕಾಣಲಿ, ಮಾತು ಹಿಂದಿನದ್ದೇ. ಬಳೆ ಹೋಗಿದೆ, ಹಾಗಾಗಿ 1953ಕ್ಕಿಂತ ಮುಂಚೆ ಅಲ್ಲ. ಗೋಡೆ ತೊಳೆದಿಲ್ಲ, ಹಾಗಾಗಿ ಬಹುಶಃ 1960ರ ದಶಕಕ್ಕೆ ಹೋಗಿಲ್ಲ. ಇದರಲ್ಲಿ ಮೊದಲನೆಯದನ್ನು ಗಟ್ಟಿಯಾಗಿ ಹೇಳಬಹುದು. ಎರಡನೆಯದನ್ನು ಮೆಲ್ಲಗೆ ಹೇಳಬೇಕು. ಅಗಲವಾದ ರಸ್ತೆಯಲ್ಲಿ ಒಂದೂ ಡಿಎಸ್ ಇಲ್ಲ, ಹಾಗಾಗಿ 1955ರ ಮುಂಚಿನದು ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ನಿಮಿಷ ಅಲ್ಲಿ ಡಿಎಸ್ ಇರಲಿಲ್ಲ ಅನ್ನುವುದಷ್ಟೇ ನಮಗೆ ಗೊತ್ತಿರುವುದು.

ಚಿತ್ರದ ಗುಣಮಟ್ಟದ ಬಗ್ಗೆ ಒಂದೆರಡು ಮಾತು. ದೊಡ್ಡ ಗಾಜಿನ ಪ್ಲೇಟಿನಲ್ಲಿ ತೆಗೆದ ಹಳೆಯ ಚಿತ್ರಗಳು ಆಮೇಲಿನ ಸಣ್ಣ ಫಿಲ್ಮಿನ ಚಿತ್ರಗಳಿಗಿಂತ ಎಷ್ಟೋ ಸಲ ಚೆನ್ನಾಗಿ ಹಿಗ್ಗುತ್ತವೆ. ಬೀದಿಯ ಆ ತುದಿಯ ಕಾರಿನ ಗ್ರಿಲ್ ಕೂಡ ಓದಬಹುದು. ಆದರೆ ಎಕ್ಸ್‌ಪೋಷರ್ ಉದ್ದವಾದರೆ ಓಡುವ ಕಾರು ಹೊಗೆಯಂತೆ ಅಳಿಸಿಹೋಗುತ್ತದೆ, ನಿಂತದ್ದು ಮಾತ್ರ ಉಳಿಯುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ಹಿಗ್ಗಿಸಿ ಪ್ರಯೋಜನವಿಲ್ಲ, ಬರೀ ಚುಕ್ಕಿಗಳೇ ಸಿಗುವುದು. ಮೂಲ ನೆಗೆಟಿವ್‌ನ ಸ್ಕ್ಯಾನ್ ಹುಡುಕಿ. ಇನ್ನೊಂದು, ಸ್ಟೇರಿಂಗ್ ಯಾವ ಕಡೆ ಇದೆ ನೋಡಿ. ಫ್ರಾನ್ಸಿನ ಬೀದಿಯಲ್ಲಿ ಟ್ರಾಕ್ಷನ್‌ನ ಸ್ಟೇರಿಂಗ್ ಬಲಗಡೆ ಇದ್ದರೆ ಮೊದಲು ಅಂಗಡಿ ಬೋರ್ಡು ಓದಿ. ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿರಬಹುದು. ಬೋರ್ಡು ಸರಿಯಾಗಿದ್ದರೆ ಅದು ಇಂಗ್ಲೆಂಡಿನ ಸ್ಲೌ ಊರಿನ ಸಿಟ್ರೋಯೆನ್ ಕಾರ್ಖಾನೆಯಿಂದ ಬಂದ ಕಾರಿರಬಹುದು. ಅಲ್ಲಿನವಕ್ಕೆ ಗ್ರಿಲ್ ಹೊಳೆಯುವ ಕ್ರೋಮ್, ಒಳಗೆ ಚರ್ಮ ಮತ್ತು ಮರ.

ಪ್ಯಾರಿಸ್ ಬಿಟ್ಟು ಹುಡುಕುವವರಿಗೆ, ಹಿಂದೆ ಫ್ರಾನ್ಸ್ ಆಳುತ್ತಿದ್ದ ವಿಯೆಟ್ನಾಂನ ಸೈಗಾನ್ ಒಳ್ಳೆಯ ಜಾಗ. 1950, 60ರ ದಶಕದ ಬಣ್ಣದ ಸ್ಲೈಡುಗಳು ರಾಶಿ ಇವೆ, ಬಹಳಷ್ಟು ಅಲ್ಲಿದ್ದ ಅಮೆರಿಕನ್ನರು ತೆಗೆದವು. ಫ್ರಾನ್ಸಿನಲ್ಲಿ ಮುದಿಯಾಗಿ ಮೂಲೆ ಸೇರಿದ ಟ್ರಾಕ್ಷನ್‌ಗಳು ಅಲ್ಲಿ ಇನ್ನೂ ದುಡಿಯುತ್ತಿದ್ದವು. ಆದರೆ ಅಲ್ಲಿನ ನೀಲಿ ಹಳದಿ ಪುಟ್ಟ ಟ್ಯಾಕ್ಸಿ ನೋಡಿ ಕುಣಿಯಬೇಡಿ. ಅದು ರೆನೋ.

ಮಾತು ಮುಗಿದ ಮೇಲೆ ಇಬ್ಬರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಹಳೆಯ ಫೋಟೋಗಳು ಬರುತ್ತವಲ್ಲ, ಅವು ಉಪಯೋಗಕ್ಕೆ ಬರುತ್ತವಾ?

ಆಕಾರಕ್ಕೆ ಬರುತ್ತವೆ, ಬಣ್ಣಕ್ಕೆ ಬರುವುದಿಲ್ಲ. ಯುದ್ಧ ಮುಗಿದ ಮೇಲೆ 1953ರವರೆಗೆ ಪ್ಯಾರಿಸ್‌ನ ಟ್ರಾಕ್ಷನ್‌ಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು. 1949ರ ಬೀದಿಯಲ್ಲಿ ಹೊಚ್ಚ ಹೊಸ ಮೆರೂನ್ ಟ್ರಾಕ್ಷನ್ ಕಂಡರೆ ಅದು ಬಣ್ಣ ತುಂಬಿದವರ ಆಸೆ. ದೀಪ ಉರಿಯುತ್ತಿದ್ದರೆ ಇನ್ನೊಂದು ಪರೀಕ್ಷೆ ಇದೆ. ಫ್ರಾನ್ಸಿನಲ್ಲಿ 1937ರಿಂದ ಹೊಸ ಕಾರುಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು, 1993ರವರೆಗೂ ಆ ನಿಯಮ ಇತ್ತು. ನಿಜವಾದ ಬಣ್ಣದ ಸ್ಲೈಡಿನಲ್ಲಿ ಆ ಹಳದಿ ಕಾಣುತ್ತದೆ. ಬಣ್ಣ ತುಂಬಿದ್ದರಲ್ಲಿ ದೀಪ ಬೆಳ್ಳಗಿರುತ್ತದೆ. ಇನ್ನು ಪೂರ್ತಿ ಕಂಪ್ಯೂಟರೇ ಬರೆದ ಸುಳ್ಳು ಹಳೆಯ ಫೋಟೋಗಳಿವೆ. ಅವುಗಳಲ್ಲಿ ಟ್ರಾಕ್ಷನ್ ಮುಖ ಇರುತ್ತದೆ, ಕೆಳಗೆ ಫುಟ್‌ಬೋರ್ಡ್ ಕೂಡ ಇರುತ್ತದೆ. ಅಷ್ಟು ಸಾಕು.

ಇನ್ನೊಬ್ಬರು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಎಂಬ ಜಾಲತಾಣದಲ್ಲಿ ರೋಲ್ (Rol), ಮ್ಯೂರಿಸ್ (Meurisse) ಎಂಬ ಸುದ್ದಿಚಿತ್ರ ಸಂಸ್ಥೆಗಳ ಗಾಜಿನ ನೆಗೆಟಿವ್‌ಗಳಿವೆ. 1920, 30ರ ದಶಕಕ್ಕೆ ಅದು ಗಣಿ. ಪ್ಯಾರಿಸ್ ನಗರದ ಮ್ಯೂಸಿಯಂಗಳು 2020ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಉಚಿತವಾಗಿ ಬಿಟ್ಟವು. ಹುಡುಕುವಾಗ ಕಾರು ಅಂತ ಹುಡುಕಬೇಡಿ, ಸಿಗುವುದಿಲ್ಲ. ಪಟ್ಟಿ ಮಾಡಿದವರಿಗೂ ಕಾರು ಕಣ್ಣಿಗೆ ಬಿದ್ದಿರಲಿಲ್ಲ. ಬೀದಿಯ ಹೆಸರು, ಚೌಕದ ಹೆಸರು, ಸೇತುವೆಯ ಹೆಸರು ಹಾಕಿ. ಸಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಅಂಚಿನಿಂದ ಒಳಕ್ಕೆ ನೋಡುತ್ತಾ ಬನ್ನಿ. ವರ್ಷ ತಪ್ಪಿದೆ ಅನ್ನಿಸಿದರೆ ಆ ಸಂಸ್ಥೆಗೆ ಬರೆಯಿರಿ. ಕಾರಿನ ಭಾಗವನ್ನು ಕತ್ತರಿಸಿ ಜೊತೆಗೆ ಇಡಿ. "ಇದು ಇಂಥ ವರ್ಷದ್ದು" ಅಂತ ಬರೆಯುವ ಬದಲು "ಇದು ಇಂಥ ವರ್ಷಕ್ಕಿಂತ ಮುಂಚಿನದಲ್ಲ" ಅಂತ ಬರೆಯಿರಿ.